ಹರಿದ ತಾಯತದ ದಾರ

ಬೆಟಗೇರಿಯ ಶಾಲೆಗೆ ಮಗಳನ್ನು ಕರೆತರಲು ಹೋದಾಗ ಮೈದಾನದಲ್ಲಿ ಕಬಡ್ಡಿ ನಡೆದಿತ್ತು. ಏಳು ವರ್ಷದ ನನ್ನ ಮಗಳನ್ನು ಹಿಡಿಯಲು ಹೋದ ಹುಡುಗಿಯ ಕೈಗೆ ಕೊರಳಿನ ತಾಯತದ ದಾರ ಸಿಕ್ಕಿತು. ಜಗ್ಗಿದ್ದೇ ಮಗಳಿಗೆ ಉಸಿರು ಕಟ್ಟಿತು. ನಾನು ಚೀರುವಷ್ಟರಲ್ಲಿ ದಾರ ಹರಿಯಿತು.

“ಅಕ್ಕಾರ, ಆಟಕ್ಕ ಕಳಸೂಮುಂದ ಕೊರಳಾಗ ಏನೂ ಹಾಕಬ್ಯಾಡ್ರಿ,” ಎಂದರು ಟೀಚರ್.

“ಆಡೂಮುಂದ ಪೆಟ್ಟಾಗಬಾರದಂತನ ಕಟ್ಟಿದ್ನ್ರಿ,” ಎಂದೆ.

ಕೊರಳಲ್ಲಿ ಕೆಂಪು ಬರೆ ಎದ್ದಿದ್ದ ಮಗಳು ಕೆಮ್ಮುತ್ತಲೇ ಕೇಳಿದಳು, “ಯವ್ವಾ, ನಾ ಔಟ್ ಆದ್ನೇನ?”

ದಾರ ಸವೆದಿದೆ, ಗಟ್ಟಿಯದು ಹಾಕಬೇಕೆಂದು ಹಿಂದಿನ ದಿನವೇ ಅಂದುಕೊಂಡು ಮರೆತಿದ್ದೆ. ಈಗ ತಾಯತ ದೇವರ ಜಗಲಿಯ ಮೇಲಿದೆ. ಕುತ್ತು ತಂದದ್ದೂ ಅದೇ, ಹರಿದು ಕಾಪಾಡಿದ್ದೂ ಅದೇ. ದೀಪ ಹಚ್ಚುವಾಗ ಏನು ಬೇಡಿಕೊಳ್ಳಬೇಕೋ ತಿಳಿಯುವುದಿಲ್ಲ. ಮರೆವು ಕೊಟ್ಟಿದ್ದಕ್ಕಷ್ಟೇ ಕೈ ಮುಗಿಯುತ್ತೇನೆ.