ಕೆನ್ನೆ ಆಂಟಿಯ ಹೊಟ್ಟೆಕಿಚ್ಚು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಿಶುವಿಹಾರದ ಹಿಂದಿನ ಕೋಣೆಯಲ್ಲಿ, ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕುಳಿತ ಹೆಂಗಸೊಬ್ಬರು ತೋಳುದ್ದದ ಸಿರಿಂಜನ್ನು ಯಂತ್ರಕ್ಕೆ ಸಿಕ್ಕಿಸಿ ನಿಧಾನವಾಗಿ ಒತ್ತುತ್ತಿದ್ದಾರೆ. ಒಳಗೆ ಹೋಗುವುದು ಬರಿಯ ಗಾಳಿ. ಎಷ್ಟು ಗಾಳಿ ಎಂಬುದು ಅವರಿಗೆ ಗೊತ್ತು. ಯಂತ್ರವೂ ಅಷ್ಟೇ ಹೇಳಬೇಕು. “ಮೊದಲು ಇದರ ಬಾಯಿ ಸರಿಯಿದೆಯಾ ನೋಡ್ಕೋಬೇಕು, ಆಮೇಲೆ ಮಕ್ಕಳದ್ದು” ಎನ್ನುತ್ತಾರೆ.

ಮಕ್ಕಳ ಬಾಯಲ್ಲಿ ಇವರು ‘ಕೆನ್ನೆ ಆಂಟಿ’. ಮೂರರಿಂದ ಆರು ವರ್ಷದ ಆರೋಗ್ಯವಂತ ಮಕ್ಕಳ ಶ್ವಾಸಕೋಶದ ಶಕ್ತಿಯನ್ನು ಅಳೆಯುವುದು ಇವರ ಕೆಲಸ. ಈ ವಯಸ್ಸಿನ ನಮ್ಮ ಮಕ್ಕಳಿಗೆ ಎಷ್ಟಿದ್ದರೆ ಸರಿ ಎಂಬ ಲೆಕ್ಕ ಇನ್ನೂ ಇಲ್ಲ; ಅದನ್ನು ಸಿದ್ಧಪಡಿಸಲೆಂದೇ ಈ ಅಳತೆ. ದೊಡ್ಡವರಿಗಾದರೆ ಜೋರಾಗಿ ಊದಿ ಎನ್ನಬಹುದು. ಈ ಪುಟಾಣಿಗಳು ಕೊಳವೆಗೆ ನಾಲಿಗೆ ತುರುಕುತ್ತಾರೆ, ಇಲ್ಲವೇ ಕಚ್ಚಿ ಕೂರುತ್ತಾರೆ. ಆದ್ದರಿಂದ ಇಲ್ಲಿ ಸುಮ್ಮನೆ ಉಸಿರಾಡಿದರೆ ಸಾಕು. ಯಂತ್ರವೇ ಬಾಯೊಳಕ್ಕೆ ಗಾಳಿಯ ಸಣ್ಣ ಕಂಪನ ಕಳಿಸಿ, ಶ್ವಾಸನಾಳ ಎಷ್ಟು ಬಿಗಿಯಾಗಿದೆ ಎಂದು ತಿಳಿಸುತ್ತದೆ. ಕೆನ್ನೆ ಅದುರಿದರೆ ಮಾತ್ರ ಎಲ್ಲ ಹಾಳು. ಅದಕ್ಕೇ ಇವರು ಹಿಂದೆ ನಿಂತು ಎರಡೂ ಅಂಗೈಯಲ್ಲಿ ಮಗುವಿನ ಕೆನ್ನೆ ಹಿಡಿದುಕೊಳ್ಳುತ್ತಾರೆ.

ಮೊದಲ ಹುಡುಗ ಮೂಗಿಗೆ ಕ್ಲಿಪ್ ಹಾಕಿಸಿಕೊಳ್ಳಲು ಒಲ್ಲೆನೆನ್ನುತ್ತಾನೆ. “ನೀವೂ ಹಾಕ್ಕೊಳ್ಳಿ, ನೋಡೋಣ.” ಇವರು ಹಾಕಿಕೊಂಡು ಮಾತಾಡಿದ್ದೇ ತಡ, ಬಾತುಕೋಳಿಯ ದನಿ ಕೇಳಿ ಹುಡುಗ ನಕ್ಕು ಕುರ್ಚಿಯಿಂದ ಜಾರುತ್ತಾನೆ. “ನಗಬೇಡ್ವೋ ನನ್ನಪ್ಪಾ, ನಿನ್ನ ದಮ್ಮಯ್ಯ!” ದಿನವೆಲ್ಲ ಹೀಗೆ ಗೋಗರೆದರೂ ಸರಿಯಾದ ಅಳತೆ ಸಿಗುವುದು ಏಳೆಂಟು ಮಕ್ಕಳದ್ದು.

ಕೆಲಸ ಖುಷಿ ಕೊಡುತ್ತದೆಯೇ ಎಂದು ಕೇಳಿದರೆ ನನ್ನ ಕೈಯಲ್ಲಿನ ನೋಟ್‌ಬುಕ್ಕಿನತ್ತ ನೋಡುತ್ತಾರೆ. “ಹೊಟ್ಟೆ ಉರಿಯುತ್ತಮ್ಮ. ಬರ್ಕೊಳ್ಳಿ, ಪರವಾಗಿಲ್ಲ. ಒಂದೊಂದು ಮಗು ಎಷ್ಟು ಸಲೀಸಾಗಿ ಉಸಿರಾಡುತ್ತೆ ಅಂತೀರಾ! ಅವರಮ್ಮ ಹೊರಗೆ ಫೋನ್ ನೋಡ್ಕೊಂಡು ಕೂತಿರ್ತಾಳೆ. ಏನು ಸಿಕ್ಕಿದೆ ಅನ್ನೋದೇ ಗೊತ್ತಿಲ್ಲ ಅವಳಿಗೆ.”

ಇವರ ಮಗಳಿಗೆ ಐದು ವರ್ಷ. ಹೋದ ವರ್ಷದವರೆಗೂ ನೆಗಡಿಯಾದರೆ ಸಾಕು, ಉಬ್ಬಸ. ಒಂದೇ ಒಂದು ಸಲ ಉಬ್ಬಸ ಬಂದಿದ್ದರೂ ಆ ಮಗುವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅದೇ ಶಿಶುವಿಹಾರಕ್ಕೆ ಬರುವ ಮಗಳು ಬಾಗಿಲಲ್ಲಿ ಮೂತಿ ಊದಿಸಿಕೊಂಡು ನಿಲ್ಲುತ್ತಾಳೆ. “ಎಲ್ಲರ ಕೆನ್ನೆ ಹಿಡೀತೀಯ, ನಂದು ಮಾತ್ರ ಇಲ್ಲ. ಹೋಗು, ನೀನು ಅವರಮ್ಮಾನೇ!”

ಗಂಡನದು ಬೇರೆ ರಾಗ: “ವರ್ಷದಿಂದ ಚೆನ್ನಾಗೇ ಇದಾಳಲ್ಲೇ. ಅವಳನ್ನೂ ಸೇರಿಸಿದ್ರೆ ಯಾರಪ್ಪನ ಗಂಟು ಹೋಗುತ್ತೆ?”

ಕಳೆದ ವಾರ ಇವರ ಮನಸ್ಸೂ ವಾಲಿತು. ಮಕ್ಕಳೆಲ್ಲ ಹೋದ ಮೇಲೆ ಮಗಳನ್ನು ಕೂರಿಸಿದರು. ಎಲ್ಲ ತಾಯಂದಿರಿಗೂ ಕೇಳುವ ಪ್ರಶ್ನೆ ಅಭ್ಯಾಸಬಲದಿಂದ ಬಾಯಿಗೆ ಬಂದೇಬಿಟ್ಟಿತು: “ಮಗೂಗೆ ಯಾವತ್ತಾದ್ರೂ ಎದೇಲಿ ಸುಂಯ್ ಅಂದಿದೆಯಾ?”

“ಹೂಂ! ತುಂಬಾ ಸಲ!” ಮಗಳ ಮುಖ ಅರಳಿತಂತೆ. “ಸೀಟಿ ಥರಾನೇ ಬರುತ್ತೆ. ಇಲ್ಲಿ ಬರೋ ಯಾರಿಗೂ ಬರಲ್ಲ ಅಲ್ವಾಮ್ಮಾ?”

“ಯಂತ್ರ ಆರಿಸ್ಬಿಟ್ಟೆ. ಕೆನ್ನೆ ಮಾತ್ರ ಹಿಡ್ಕೊಂಡಿದ್ದೆ, ಅವಳು ಸಾಕು ಅನ್ನೋವರೆಗೂ” ಎನ್ನುತ್ತಾರೆ. “ಅವಳನ್ನ ಗಟ್ಟಿ ಮಕ್ಕಳ ಜೊತೆ ಸೇರಿಸಿದ್ರೆ, ಆಮೇಲೆ ಅವಳನ್ನ ಯಾರ ಜೊತೆ ಹೋಲಿಸಿ ನೋಡೋದು ಹೇಳಿ?”

ಹೊರಗೆ ಮುಂದಿನ ಮಗು ಅಳುತ್ತಿದೆ. ಕೊಳವೆ ಬದಲಿಸುತ್ತಲೇ ತಮ್ಮ ಆಸೆ ಹೇಳಿಕೊಳ್ಳುತ್ತಾರೆ.

“ಈ ಅಳತೆ ಎಲ್ಲ ಮುಗೀಲಿ. ಈಗ ಡಾಕ್ಟರು ನನ್ನ ಮಗಳನ್ನ ನೋಡಿ ‘ಸ್ವಲ್ಪ ಕಮ್ಮಿ ಇರಬಹುದು’ ಅಂತಾರೆ. ಕಮ್ಮಿ ಇದ್ರೆ ಇರ್ಲಿ, ನೋಡ್ಕೋತೀನಿ. ಆ ‘ಇರಬಹುದು’ ಒಂದು ಹೋಗ್ಬೇಕು ನಂಗೆ.”