ಡಬ್ಬಿಯ ಹೊರಗಿನ ಗುಂಡಿ

ಮೆಲ್ಲಗೆ ಗುಂಯ್‌ಗುಡುತ್ತಿದ್ದ ಫ್ಯಾನು ಇದ್ದಕ್ಕಿದ್ದಂತೆ ಏದುಸಿರು ಬಿಡತೊಡಗಿತು. ಅಂಗಿಗುಂಡಿ ಮಾರುವ ಅಂಗಡಿಯ ಹಿಂಕೋಣೆಯಲ್ಲಿ, ಮೇಜಿನಡಿ ಇಟ್ಟಿದ್ದ ಸರ್ವರಿನ ಫ್ಯಾನು ಅದು. ಹಿರಿಸೊಸೆಗೆ ಅದರ ಉಸಿರಾಟ ಹೆತ್ತ ಮಗುವಿನ ಉಸಿರಿನಷ್ಟೇ ಪರಿಚಿತ.

ಅಂಗಡಿಯ ವೆಬ್‌ಸೈಟನ್ನು ಎಬ್ಬಿಸಿ ನಿಲ್ಲಿಸಿದವಳೇ ಅವಳು. ಕಳ್ಳರು ನುಸುಳಬಹುದಾದ ಬೇಡದ ಪೋರ್ಟುಗಳನ್ನೆಲ್ಲ ಮುಚ್ಚಿದಳು. ಪ್ರತಿ ಸೋಮವಾರ ತಪ್ಪದೆ ಅಪ್‌ಡೇಟ್ ಹಾಕಿದಳು. ಆರು ವರ್ಷ ಏನೂ ಆಗಲಿಲ್ಲ. ಏನೂ ಆಗದ್ದಕ್ಕೆ ಶಹಬ್ಬಾಸ್ ಅನ್ನುವವರು ಯಾರು?

ಓರಗಿತ್ತಿ ಬಂದು ಮೂರೇ ತಿಂಗಳು. ಮುಖಪುಟಕ್ಕೆ ನವಿಲುಬಣ್ಣ ಬಳಿದಳು, ಅಷ್ಟೇ. ಮನೆ ತುಂಬ ಅವಳದೇ ಜಪ. ಇವತ್ತು ಮಾವ ಸರ್ವರನ್ನೂ ಅವಳ ಕೈಗೇ ಒಪ್ಪಿಸುವವರಿದ್ದರು. ಹಿರಿಯವಳ ಹೊಟ್ಟೆಯಲ್ಲಿ ಕೆಂಡ.

ಸೈಟಿಗೆ ಬಂದುಹೋದವರ ದಾಖಲೆ ತೆರೆದಳು. ಯಾರೋ ಅಪರಿಚಿತ ಒಂದಾದ ಮೇಲೊಂದು ಕಡತದ ಹೆಸರು ಊಹಿಸಿ ತಡಕಾಡುತ್ತಿದ್ದ; ಸರ್ವರಿಗೆ ಏದುಸಿರು ಹತ್ತಿಸಿದ್ದು ಅದೇ. ಇಂಥವರು ದಿನಾ ಬಂದು ಬರಿಗೈಲಿ ಹೋಗುತ್ತಾರೆ. ಇವತ್ತು ಹಾಗೆ ಹೋಗುವಂತಿರಲಿಲ್ಲ. ಹೊರಗಿನವರಿಗೆ ತೆರೆದಿರುವ ಫೋಲ್ಡರಿನಲ್ಲೇ ಇಡೀ ಸೈಟಿನ ನಕಲು ಪ್ರತಿ, ಅದರ ಬ್ಯಾಕಪ್, ಕೂತಿತ್ತು, ಗಿರಾಕಿಗಳ ಮನೆ ವಿಳಾಸ ಸಮೇತ. ಈ ಅಂಗಡಿಯಲ್ಲಿ ಪ್ರತಿ ಡಬ್ಬಿಯ ಹೊರಗೂ ಒಳಗಿನದೇ ಒಂದು ಗುಂಡಿ ಹೊಲಿದಿಡುವುದು ರೂಢಿ, ಹುಡುಕುವವರಿಗೆ ಸುಲಭವಾಗಲೆಂದು. ಅದನ್ನೇ ಕಲಿತ ಓರಗಿತ್ತಿ ಬ್ಯಾಕಪ್ಪನ್ನೂ ಎಲ್ಲರ ಕೈಗೆಟುಕುವಂತೆ ಹೊರಗಿಟ್ಟಿದ್ದಳು.

ಅದನ್ನು ಸರಿಸಲು ಹೋದ ಕೈ ನಿಂತಿತು. ಕಳ್ಳ ಒಯ್ಯಲಿ. ಮಾವ ಕಣ್ಣಾರೆ ನೋಡಲಿ.

ಎದ್ದು ಮುಂದಿನ ಕೌಂಟರಿಗೆ ಹೋಗಿ ಕೂತಳು.

"ಬಾಮ್ಮ," ಅಂದರು ಮಾವ. "ನಮ್ಮ ಚಿಕ್ಕವಳ ಕೈಗುಣ ನೋಡು! ಅಂಗಡಿ ಮದುವಣಗಿತ್ತಿ ಥರ ಕಾಣ್ತಿದೆ."

"ಹೂಂ ಮಾವ. ಎಲ್ಲಾ ಕಾಣ್ತಿದೆ."

"ಅಕ್ಕ, ನೀವು ಬೈತೀರೇನೋ ಅಂತಿದ್ದೆ," ಓರಗಿತ್ತಿ ನಕ್ಕಳು.

"ನಾನ್ಯಾಕೆ ಬೈಲಿ? ಬಂಗಾರದಂಥ ಕೈ ನಿಂದು."

ಓರಗಿತ್ತಿ ಪೊಟ್ಟಣವೊಂದಕ್ಕೆ ಚೀಟಿ ಅಂಟಿಸುತ್ತಿದ್ದಳು. ಅದು ಮುದುಕಿ ಟೈಲರ್ ಒಬ್ಬಳಿಗೆ, ಹಳೇ ಗಿರಾಕಿ. ವಿಳಾಸದ ಕೆಳಗೆ ಆಕೆಯದೇ ಮಾತು: 'ಮನೇಲಿ ಒಬ್ಬಳೇ ಇರ್ತೀನಿ, ಕಿವಿ ಮಂದ. ಹಿಂದಿನ ಬಾಗಿಲು ತೆಗೆದಿರತ್ತೆ, ಒಳಗೇ ಬನ್ನಿ.'

ಅಷ್ಟೂ ಆ ಬ್ಯಾಕಪ್ಪಿನಲ್ಲಿತ್ತು.

ಹಿಂಕೋಣೆಯ ಫ್ಯಾನು ಇನ್ನೊಂದು ಸ್ವರ ಏರಿತು.

"ಇನ್ಮೇಲೆ ಸರ್ವರ್ ಚಿಕ್ಕವಳೇ ನೋಡ್ಕೊಳ್ಳಲಿ. ನೀನೇನಂತೀಯ, ನಿಂಗೂ ಸ್ವಲ್ಪ..."

ಹಿರಿಯವಳು ಎದ್ದಳು.

"ಏಯ್, ಮಾತಾಡ್ತಾ ಇದೀನಿ ಕಣಮ್ಮ!" ಮಾವ ಚಿಕ್ಕವಳತ್ತ ತಿರುಗಿದರು. "ನೋಡಿದ್ಯಾ ಇವಳ ಹೊಟ್ಟೆಕಿಚ್ಚು?"

ಅದು ಸುಳ್ಳೇನಲ್ಲ. ಆದರೂ ಅವಳು ತಿರುಗಿ ನೋಡದೆ, ಓಡುವುದೊಂದು ಬಾಕಿ ಎಂಬಂತೆ, ಬ್ಯಾಕಪ್ ಸರಿಸಲು ಹಿಂಕೋಣೆಗೆ ನಡೆದುಬಿಟ್ಟಳು.