ಹಾಲಿನವರ ಬಾಗಿಲು

ಟಣ್, ಟಣ್ ಎಂದು ರೈಲುಕಂಬಿಯ ತುಂಡು ಬಡಿದ ಸದ್ದಿಗೆ ಹಸು ಬೆದರಿ ಕಾಲು ಝಾಡಿಸಿತು. ಮುನಿವೆಂಕಟಮ್ಮನ ಚೊಂಬಿನ ಹಾಲು ಅರ್ಧ ನೆಲದ ಪಾಲಾಯಿತು. ಅದು ತೊಂಬತ್ತೇಳರ ಜೂನ್. ಜರಗನಹಳ್ಳಿಯಲ್ಲಿ, ಕೊಟ್ಟಿಗೆಯ ಎದುರಿಗಿದ್ದ ತಮ್ಮ ಮನೆಯಲ್ಲೇ ಗಂಡ ಗಂಗಾಧರಯ್ಯ ಕಾನ್ವೆಂಟ್ ತೆರೆದಿದ್ದ; ಬಡಿದದ್ದು ಅದರ ಗಂಟೆ.

ಜಯನಗರದ ಕಡೆ ಐರಿಶ್ ಸಿಸ್ಟರುಗಳು ಕಟ್ಟಿಸಿದ್ದ ಹಳೆಯ ಕಾನ್ವೆಂಟಿಗೆ, ಅವರು ಪ್ಯಾಕೆಟ್ ಹಾಲಿಗೆ ಬದಲಾಗುವವರೆಗೂ, ಹಾಲು ಹಾಕಿದವಳು ಮುನಿವೆಂಕಟಮ್ಮ. ಕಲ್ಲಿನ ಕಟ್ಟಡ, ಸಾಲು ಕಮಾನು, ಉದ್ದನೆಯ ಪಡಸಾಲೆ. ಮಧ್ಯಾಹ್ನದ ಬಿಸಿಲೂ ಅಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಂತೆ ಮೆಲ್ಲಗಿರುತ್ತಿತ್ತು. ಪಾರ್ಲರ್ ಎನ್ನುವ ಮುಂದಿನ ಭೇಟಿಕೋಣೆಯಲ್ಲಿ ಮಗುವಿಗೆ ಸೀಟು ಬೇಡುವ ದೊಡ್ಡ ಮನುಷ್ಯರು ರೇಷ್ಮೆ ಉಟ್ಟು ಬೆವರುತ್ತ ಕೂತಿರುತ್ತಿದ್ದರು. ಹಾಲು, ಸೊಪ್ಪು, ಸೌದೆ, ಅನಾಥ ಮಕ್ಕಳು ಎಲ್ಲ ಹಿಂಬಾಗಿಲಿಂದ. ಅಲ್ಲಿ ವಯಸ್ಸಾದ ಸಿಸ್ಟರೊಬ್ಬರು ಅವಳಿಗೆ ಬಿಸಿ ಕಾಫಿ ಕೊಡುತ್ತಿದ್ದರು. ಪಾರ್ಲರಿನವರನ್ನು ನೀರು ಬೇಕೇ ಎಂದು ಕೇಳುವವರೂ ಇರಲಿಲ್ಲ. ಮುಂದಿನ ಮೆಟ್ಟಿಲು ತುಳಿಯಲಿಲ್ಲವೆಂಬ ಬೇಸರ ಅವಳಿಗೆಂದೂ ಆಗಲಿಲ್ಲ.

ಹೊಲ ಬಡಾವಣೆಗೆ ಹೋದ ಮೇಲೆ ಗಂಗಾಧರಯ್ಯ ಮನೆಯ ಕೆಳಗೆ ಸಾಲಾಗಿ ಅಂಗಡಿ ಕಟ್ಟಿಸಿದ. ಯಾರೂ ಬಾಡಿಗೆಗೆ ಬರಲಿಲ್ಲ. ಜನ ಕಾನ್ವೆಂಟಿಗಾದರೆ ಬರುತ್ತಾರೆಂದು ಹೊಳೆದದ್ದೇ ತಡ, ರೋಲಿಂಗ್ ಷಟರುಗಳ ಮೇಲೆ ಗಾರೆಯ ಕಮಾನುಗಳೆದ್ದವು. ವಾಸ್ತುವಿನವರ ಮಾತಿನಂತೆ ಗಂಟೆಗೋಪುರ ನೈಋತ್ಯಕ್ಕೆ ಸರಿದು, ಹೊಟ್ಟೆಯೊಳಗೆ ನೀರಿನ ಟ್ಯಾಂಕ್ ಇಟ್ಟುಕೊಂಡಿತು. 'ಶ್ರೀ ಮುನೇಶ್ವರ ಐರಿಶ್ ಕಾನ್ವೆಂಟ್' ಎಂಬ ಬೋರ್ಡು ಏರಿತು. ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆಯ ರಾಜಶ್ರೀ ಟೀಚರಾಗಿ ಬಂದಳು. ತಾಳಿ, ಕಾಲುಂಗುರ ಇದ್ದರೂ ಮಕ್ಕಳು ಅವಳನ್ನು ಸಿಸ್ಟರ್ ಎನ್ನಬೇಕೆಂದು ಅಪ್ಪಣೆಯಾಯಿತು. ಸಂಜೆ ಕರೆದೊಯ್ಯಲು ಬರುವ ಅವಳ ಗಂಡ ಮೂಲೆಯ ಟೀ ಅಂಗಡಿಯಲ್ಲಿ ಅಡಗಿ ನಿಲ್ಲಬೇಕಿತ್ತು.

ಉಳಿದ ಹಾಲು ಹಿಡಿದು ಮುನಿವೆಂಕಟಮ್ಮ ಮುಂಬಾಗಿಲಿಗೆ ಬಂದಳು. ಅವರ ಅಡುಗೆಮನೆ ಈಗ ಮಹಡಿಯಲ್ಲಿ; ಅದರ ಮೆಟ್ಟಿಲು ಇದ್ದದ್ದು ಅಲ್ಲೇ ಒಳಗೆ, ಈಗ ಪಾರ್ಲರಾಗಿದ್ದ ನಡುಮನೆಯಲ್ಲಿ. ರಾಜಶ್ರೀ ಅಡ್ಡ ನಿಂತಳು.

"ಅಮ್ಮಾರ, ಸಿಟ್ಟಾಗಬ್ಯಾಡ್ರಿ. ಹಾಲು ಹಿಂದಿನ ಬಾಗಲಿಂದ ತರಬೇಕಂತ ಸಾಹೇಬ್ರು ಹೇಳ್ಯಾರ."

ಹಿಂದೆ ಹೋಗಬೇಕೆಂದರೆ ಮೋರಿ ದಾಟಿ, ಪಕ್ಕದ ಮನೆಯ ಗೋಡೆ ಸವರಿಕೊಂಡು ಸಂದಿಯಲ್ಲಿ ನುಸುಳಬೇಕು. ತನ್ನ ಗಂಡನನ್ನು ಕರೆಯುವಂತೆ ಮುನಿವೆಂಕಟಮ್ಮ ಹೇಳಿದಳು. ಸೀಟು ಕೇಳಲು ಬಂದಿದ್ದ ದಂಪತಿಗಳನ್ನು ಕೂರಿಸಿ, ಸಫಾರಿ ಸರಿಮಾಡಿಕೊಳ್ಳುತ್ತ ಗಂಗಾಧರಯ್ಯ ಹೊರಬಂದ.

"ಕಾನ್ವೆಂಟ್ ಅಂದ್ಮೇಲೆ ಒಂದು ಪದ್ಧತಿ ಇರುತ್ತೆ ಕಣೇ. ಅಲ್ಲಿ ನೀನು ಇಷ್ಟು ವರ್ಷ ಹಿಂದ್ಗಡೆಯಿಂದಾನೇ ಹೋಗ್ಲಿಲ್ವಾ?"

"ಅದು ಅವರ ಮನೆ ಕಣ್ರೀ. ಅಲ್ಲಿ ಹಿಂದ್ಗಡೆ ಹೋದ್ರೆ ಕಾಫಿ ಕೊಡೋರು. ಇಲ್ಲಿ ಕಾಫಿ ಮಾಡ್ಬೇಕಾದೋಳೂ ನಾನೇ."

"ಮೆತ್ತಗೆ ಮಾತಾಡು, ಪೇರೆಂಟ್ಸ್ ನೋಡ್ತಾವ್ರೆ. ಅಡ್ಮಿಷನ್ ಮುಗಿಯೋವರ್ಗೂ ಹಾಲ್ನೋಳು ಅಂತಾನೇ ಅಂದ್ಕೊಳ್ಳಲಿ ಬಿಡು. ಆಮೇಲೆ ನಾನೇ ಎಲ್ರಿಗೂ..."

ಎಲ್ಲರಿಗೂ ಏನು ಹೇಳುತ್ತಾನೆಂದು ಕೇಳಲು ಮುನಿವೆಂಕಟಮ್ಮ ನಿಲ್ಲಲಿಲ್ಲ. ಚೊಂಬನ್ನು ಸೊಂಟಕ್ಕೇರಿಸಿ, ಸಗಣಿ ಮೆತ್ತಿದ ಕಾಲಲ್ಲೇ ಹೊಸಿಲು ದಾಟಿದಳು. ರೇಷ್ಮೆ ಸೀರೆಯಾಕೆ ಸೆರಗು ಎಳೆದುಕೊಂಡು ದಾರಿ ಬಿಟ್ಟಳು. ಗಂಗಾಧರಯ್ಯ ಐರ್ಲೆಂಡಿನ ಶಿಸ್ತನ್ನು ಬಾಗಿಲಿಗೇ ವಿವರಿಸುತ್ತಿರುವಾಗ, ಅವಳು ಮಹಡಿಯ ಮೆಟ್ಟಿಲು ಹತ್ತುತ್ತಿದ್ದಳು.